2147483647: ಮೂವತ್ತೊಂದು ಒಂದುಗಳ ಸಂಖ್ಯೆ

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು ಎಂಬ ಸಂಖ್ಯೆಯನ್ನು ಅಂಕಿಗಳಲ್ಲಿ 2147483647 ಎಂದು ಬರೆಯುತ್ತೇವೆ. ನಾವು ದಿನವೂ ಬಳಸುವ ದಶಮಾನ ಪದ್ಧತಿಯಲ್ಲಿ ಇದರ ಹತ್ತು ಅಂಕಿಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ವಿಶೇಷವೇನೂ ಕಣ್ಣಿಗೆ ಬೀಳುವುದಿಲ್ಲ. ಇದನ್ನೇ 0 ಮತ್ತು 1 ಎಂಬ ಎರಡೇ ಅಂಕಿಗಳಿರುವ ದ್ವಿಮಾನ ಪದ್ಧತಿಯಲ್ಲಿ ಬರೆದಾಗ ಮಾತ್ರ ಅದರ ನಿಜವಾದ ಚಹರೆ ಹೊರಬರುತ್ತದೆ: ಒಂದೇ ಒಂದು ಸೊನ್ನೆಯೂ ಇಲ್ಲದೆ, ಸಾಲಾಗಿ ಮೂವತ್ತೊಂದು 1ಗಳು. 1, 2, 4, 8 ಎಂದು ಇಮ್ಮಡಿಸುತ್ತ ಹೋಗುವ ಸಂಖ್ಯೆಗಳಲ್ಲಿ ಮೊದಲ ಮೂವತ್ತೊಂದನ್ನು ಕೂಡಿದರೆ ಬರುವ ಮೊತ್ತ ಇದು. ಮೂವತ್ತೆರಡನೆಯ ಸಂಖ್ಯೆಯಾದ 2³¹ಕ್ಕೆ ಇದು ಒಂದೇ ಒಂದು ಕಡಿಮೆ. ಹಾಗಾಗಿ ಇದನ್ನು 2³¹ − 1 ಎಂದು ಚಿಕ್ಕದಾಗಿ ಬರೆಯಬಹುದು.

ಈ ಸಂಖ್ಯೆ ಅವಿಭಾಜ್ಯ, ಎಂದರೆ 1 ಮತ್ತು ತನ್ನನ್ನು ಬಿಟ್ಟರೆ ಬೇರಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಅವಿಭಾಜ್ಯ ಸಂಖ್ಯೆಗಳನ್ನು 2, 3, 5, 7 ಎಂದು ಎಣಿಸುತ್ತ ಹೋದರೆ ಇದರ ಸರದಿ ಬರುವುದು 10,50,97,565ನೆಯದಾಗಿ. ಹತ್ತು ಕೋಟಿಗೂ ಮಿಕ್ಕ ಈ ಗುಂಪಿನಲ್ಲಿ ಗಣಿತಜ್ಞರು ಇದೊಂದನ್ನು ಕಂಪ್ಯೂಟರ್ ಹುಟ್ಟುವ ಎಷ್ಟೋ ಕಾಲ ಮೊದಲೇ ಗುರುತಿಸಿದ್ದರು. ಅದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಉತ್ತರ ಸಂಖ್ಯೆಯ ಗಾತ್ರದಲ್ಲಿಲ್ಲ, ಅದರ ರೂಪದಲ್ಲಿದೆ. ಎರಡರ ಒಂದು ಘಾತಕ್ಕಿಂತ ಸರಿಯಾಗಿ ಒಂದು ಕಡಿಮೆ ಎಂಬ ಈ ಒಂದೇ ಸಂಗತಿಯಿಂದ, ನನಗೆ ತೋರುವಂತೆ, ಈ ಸಂಖ್ಯೆಯ ಎಲ್ಲ ಸ್ವಾರಸ್ಯವೂ ಹೊರಡುತ್ತದೆ.

ಈ ರೂಪದ ಸಂಖ್ಯೆಗಳಿಗೆ ಹದಿನೇಳನೆಯ ಶತಮಾನದ ಫ್ರೆಂಚ್ ಪಾದ್ರಿ ಮಾರಿನ್ ಮೆರ್ಸೆನ್ನನ ಹೆಸರು ಅಂಟಿಕೊಂಡಿದೆ. ಇವುಗಳ ಬಗ್ಗೆ ಮೊದಲು ತಿಳಿಯಬೇಕಾದ ನಿಯಮ ಸರಳವಾದದ್ದು. ಆರು 1ಗಳಿರುವ 111111 ಎಂಬ ದ್ವಿಮಾನ ಸಂಖ್ಯೆಯನ್ನು, ಎಂದರೆ 2⁶ − 1 = 63 ಅನ್ನು ತೆಗೆದುಕೊಳ್ಳಿ. ಈ ಸಾಲನ್ನು ಎರಡೆರಡು 1ಗಳ ಮೂರು ತುಂಡುಗಳಾಗಿ ಕತ್ತರಿಸಬಹುದಾದ್ದರಿಂದ ಅದು 11ರಿಂದ, ಅಂದರೆ ನಮ್ಮ 3ರಿಂದ ಭಾಗವಾಗುತ್ತದೆ. ಮೂರು ಮೂರರ ಎರಡು ತುಂಡುಗಳಾಗಿಯೂ ಕತ್ತರಿಸಬಹುದಾದ್ದರಿಂದ 111ರಿಂದ, ಅಂದರೆ 7ರಿಂದಲೂ ಭಾಗವಾಗುತ್ತದೆ. ಸಾಲಿನ ಉದ್ದವನ್ನು ಸಮನಾದ ತುಂಡುಗಳಾಗಿ ಒಡೆಯಲು ಬರುವಾಗಲೆಲ್ಲ ಸಂಖ್ಯೆಯೂ ಒಡೆಯುತ್ತದೆ. ಆದ್ದರಿಂದ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಘಾತಾಂಕವೂ ಅವಿಭಾಜ್ಯವಾಗಿರಲೇಬೇಕು. 31 ಅವಿಭಾಜ್ಯವಾದ್ದರಿಂದ ನಮ್ಮ ಸಂಖ್ಯೆ ಈ ಮೊದಲ ಪರೀಕ್ಷೆಯಲ್ಲಿ ಪಾರಾಗುತ್ತದೆ.

ಆದರೆ ಅಷ್ಟೇ ಸಾಲದು. 11 ಅವಿಭಾಜ್ಯವೇ ಆದರೂ 2¹¹ − 1 = 2047 ಎಂಬುದು 23 ಮತ್ತು 89ರ ಗುಣಲಬ್ಧ. ಇಟಲಿಯ ಪಿಯೆಟ್ರೊ ಕಟಾಲ್ಡಿ 1588ರ ಹೊತ್ತಿಗೆ ಘಾತಾಂಕ 17 ಮತ್ತು 19 ಆದಾಗ ಬರುವ 131071 ಮತ್ತು 524287 ಅವಿಭಾಜ್ಯಗಳೆಂದು ಒಂದೊಂದಾಗಿ ಭಾಗಿಸಿ ತೋರಿಸಿದ್ದ. ಘಾತಾಂಕ 23, 29, 31, 37 ಆದಾಗಲೂ ಅವಿಭಾಜ್ಯವೇ ಬರುತ್ತದೆ ಎಂದು ಆತ ಮುಂದೆ ಹೇಳಿದ್ದು ಮಾತ್ರ ಊಹೆ. 23 ಮತ್ತು 37ರ ವಿಷಯದಲ್ಲಿ ಆ ಮಾತು ತಪ್ಪೆಂದು 1640ರಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ತೋರಿಸಿದ. 2²³ − 1 ಎಂಬುದು 47ರಿಂದ ಭಾಗವಾಗುತ್ತದೆ, 2³⁷ − 1 ಎಂಬುದು 223ರಿಂದ. 29ರ ಮಾತು ಸುಳ್ಳೆಂದು ಆಮೇಲೆ ಸ್ವಿಸ್ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ತೋರಿಸಿದ. 2²⁹ − 1 ಎಂಬುದಕ್ಕೆ 233 ಒಂದು ಅಪವರ್ತನ. ಈ ನಡುವೆ 1644ರಲ್ಲಿ ಮೆರ್ಸೆನ್ ತನ್ನದೇ ಒಂದು ಪಟ್ಟಿ ಕೊಟ್ಟಿದ್ದ. 257ರವರೆಗಿನ ಘಾತಾಂಕಗಳಲ್ಲಿ 2, 3, 5, 7, 13, 17, 19, 31, 67, 127, 257 ಮಾತ್ರ ಅವಿಭಾಜ್ಯಗಳನ್ನು ಕೊಡುತ್ತವೆ ಎಂಬುದು ಆ ಪಟ್ಟಿಯ ಸಾರ. ಅದರಲ್ಲಿ 67 ಮತ್ತು 257 ತಪ್ಪಾಗಿ ಸೇರಿವೆ, 61, 89, 107 ಬಿಟ್ಟುಹೋಗಿವೆ. ಹೀಗೆ 31 ಇಬ್ಬರ ಪಟ್ಟಿಯಲ್ಲೂ ಇತ್ತು. ಆದರೆ ಇಬ್ಬರೂ ಪುರಾವೆ ಕೊಟ್ಟಿರಲಿಲ್ಲ.

ಪುರಾವೆ ಎಷ್ಟು ಕಷ್ಟದ್ದೆಂದು ಸ್ವಲ್ಪ ಲೆಕ್ಕ ಹಾಕೋಣ. ಒಂದು ಸಂಖ್ಯೆ ಎರಡು ಅಪವರ್ತನಗಳಾಗಿ ಒಡೆಯುವುದಾದರೆ ಅವುಗಳಲ್ಲಿ ಒಂದು ಅದರ ವರ್ಗಮೂಲವನ್ನು ಮೀರುವುದಿಲ್ಲ. 46340ರ ವರ್ಗ ನಮ್ಮ ಸಂಖ್ಯೆಗಿಂತ ತುಸು ಕಡಿಮೆ, 46341ರ ವರ್ಗ ತುಸು ಹೆಚ್ಚು. ಆದ್ದರಿಂದ 46340ರವರೆಗಿನ ಪ್ರತಿಯೊಂದು ಅವಿಭಾಜ್ಯದಿಂದಲೂ ಭಾಗಿಸಿ ನೋಡಿದರೆ ಸಾಕು. ಅಂತಹ ಅವಿಭಾಜ್ಯಗಳು ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚಿವೆ. ಹತ್ತಂಕಿಯ ಸಂಖ್ಯೆಯನ್ನು ಅಷ್ಟು ಸಲ ಕೈಯಲ್ಲಿ ಭಾಗಿಸುವುದೆಂದರೆ ತಿಂಗಳುಗಟ್ಟಲೆ ಕೆಲಸ. ನಡುವೆ ಒಂದು ತಪ್ಪು ನುಸುಳಿದರೂ ಇಡೀ ಶ್ರಮ ವ್ಯರ್ಥ. ಆಯ್ಲರ್ ಈ ದಾರಿ ಹಿಡಿಯಲಿಲ್ಲ. ಭಾಗಿಸುವುದಕ್ಕೆ ಮುಂಚೆಯೇ, ಯಾವ ಸಂಖ್ಯೆಗಳು ಅಪವರ್ತನವಾಗುವ ಅರ್ಹತೆಯನ್ನಾದರೂ ಪಡೆದಿವೆ ಎಂದು ಆತ ಕೇಳಿದ.

ಇದನ್ನು ಅರಿಯಲು 2047 ಮತ್ತು 23ರ ಚಿಕ್ಕ ಉದಾಹರಣೆಗೇ ಮರಳೋಣ. 2ರ ಘಾತಗಳನ್ನು ಒಂದೊಂದಾಗಿ 23ರಿಂದ ಭಾಗಿಸುತ್ತ ಶೇಷಗಳನ್ನು ಬರೆದರೆ 2, 4, 8, 16, 9, 18, 13, 3, 6, 12, 1 ಎಂದು ಬರುತ್ತದೆ. ಆಮೇಲೆ ಮತ್ತೆ 2, 4, 8 ಎಂದು ಅದೇ ಸುತ್ತು ಮೊದಲಾಗುತ್ತದೆ. ಸುತ್ತಿನ ಉದ್ದ ಹನ್ನೊಂದು. 2¹¹ − 1 ಅನ್ನು 23 ಶೇಷವಿಲ್ಲದೆ ಭಾಗಿಸುತ್ತದೆ ಎಂದರೆ 2¹¹ರ ಶೇಷ 1 ಎಂದೇ ಅರ್ಥ. ಇನ್ನು ಫರ್ಮಾನ ಪ್ರಸಿದ್ಧ ಪ್ರಮೇಯವೊಂದಿದೆ: ಪ ಎಂಬುದು 2ನ್ನು ಬಿಟ್ಟು ಬೇರೆ ಯಾವುದೇ ಅವಿಭಾಜ್ಯವಾದರೂ, 2ರ (ಪ − 1)ನೆಯ ಘಾತವನ್ನು ಪದಿಂದ ಭಾಗಿಸಿದಾಗ ಉಳಿಯುವುದು 1. ಶೇಷ 1 ಬರುವುದು ಸುತ್ತು ಪೂರ್ತಿಯಾದಾಗ ಮಾತ್ರ. ಆದ್ದರಿಂದ ಪ − 1 ಎಂಬುದರಲ್ಲಿ ಪೂರ್ಣ ಸುತ್ತುಗಳೇ ಇರಬೇಕು. 23ರ ವಿಷಯದಲ್ಲಿ 22 ಎಂದರೆ ಹನ್ನೊಂದರ ಎರಡು ಸುತ್ತು. 89ರ ವಿಷಯದಲ್ಲಿ 88 ಎಂದರೆ ಎಂಟು ಸುತ್ತು.

ಈಗ 2³¹ − 1ಕ್ಕೆ ಪ ಎಂಬ ಅವಿಭಾಜ್ಯ ಅಪವರ್ತನವೊಂದು ಇದೆ ಎಂದುಕೊಳ್ಳಿ. ಆಗ ಸುತ್ತಿನ ಉದ್ದ 31 ಆಗಲೇಬೇಕು. 31 ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಸುತ್ತು ಸಾಧ್ಯವಿಲ್ಲ. ಹಾಗಾಗಿ ಪ − 1 ಎಂಬುದು 31ರ ಅಪವರ್ತ್ಯ. ಪ ಬೆಸ ಸಂಖ್ಯೆಯಾದ್ದರಿಂದ ಪ − 1 ಸಮ ಸಂಖ್ಯೆಯೂ ಹೌದು. ಎರಡನ್ನೂ ಒಟ್ಟಿಗೆ ನೋಡಿದರೆ ಅದು 62ರ ಅಪವರ್ತ್ಯವಾಗಿರಬೇಕು. 3, 5, 7, 11, 13 ಮೊದಲಾದ ಚಿಕ್ಕ ಅವಿಭಾಜ್ಯಗಳೆಲ್ಲ ಒಂದೇ ಏಟಿಗೆ ಹೊರಬಿದ್ದವು. ಅವುಗಳಿಂದ ಭಾಗಿಸಿ ನೋಡುವ ಅಗತ್ಯವೇ ಇಲ್ಲ.

ಎರಡನೆಯ ಜರಡಿ ಇನ್ನೂ ಸೂಕ್ಷ್ಮವಾದದ್ದು. ಪದಿಂದ ಭಾಗಿಸಿದಾಗ 2³¹ರ ಶೇಷ 1 ಆದರೆ, ಅದರ ಎರಡರಷ್ಟಾದ 2³²ರ ಶೇಷ 2. ಆದರೆ 2³² ಎಂಬುದು 2¹⁶ರ, ಎಂದರೆ 65536ರ ವರ್ಗ. ಹಾಗಾದರೆ ಪದಿಂದ ಭಾಗಿಸಿದಾಗ 2ನ್ನು ಉಳಿಸುವ ಒಂದು ವರ್ಗಸಂಖ್ಯೆ ಇದೆ ಎಂದಾಯಿತು. ಎಲ್ಲ ಅವಿಭಾಜ್ಯಗಳಿಗೂ ಈ ಗುಣ ಇಲ್ಲ. 7ಕ್ಕೆ ಇದೆ, ಏಕೆಂದರೆ 9ನ್ನು 7ರಿಂದ ಭಾಗಿಸಿದರೆ 2 ಉಳಿಯುತ್ತದೆ. 17ಕ್ಕೂ ಇದೆ, 36ನ್ನು ಭಾಗಿಸಿದರೆ 2 ಉಳಿಯುತ್ತದೆ. 5ಕ್ಕೆ ಇಲ್ಲ, ಯಾವ ವರ್ಗವನ್ನು 5ರಿಂದ ಭಾಗಿಸಿದರೂ ಉಳಿಯುವುದು 0, 1 ಅಥವಾ 4 ಮಾತ್ರ. 8ರಿಂದ ಭಾಗಿಸಿದಾಗ 1 ಅಥವಾ 7ನ್ನು ಉಳಿಸುವ ಬೆಸ ಅವಿಭಾಜ್ಯಗಳಿಗೆ ಮಾತ್ರ ಈ ಗುಣವಿರುತ್ತದೆ ಎಂಬುದು ಸಂಖ್ಯಾಸಿದ್ಧಾಂತದ ಸುಂದರವಾದ ನಿಯಮಗಳಲ್ಲೊಂದು. ಇದನ್ನು ಮೊದಲಿನ ಜರಡಿಯೊಂದಿಗೆ ಸೇರಿಸಿದಾಗ ಪ ಎಂಬುದನ್ನು 248ರಿಂದ ಭಾಗಿಸಿದರೆ ಶೇಷ 1 ಅಥವಾ 63 ಆಗಿರಬೇಕು ಎಂಬ ನಿರ್ಣಯ ಬರುತ್ತದೆ. 46340ರ ಒಳಗೆ ಹೀಗಿರುವ ಸಂಖ್ಯೆಗಳು, 1ನ್ನೂ ಅವಿಭಾಜ್ಯವಲ್ಲದ 63ನ್ನೂ ಬಿಟ್ಟರೆ, ಒಂದೊಂದು ಬಗೆಯಲ್ಲಿ 186ರಂತೆ ಒಟ್ಟು 372. ಅವುಗಳಲ್ಲೂ ಬಹುಪಾಲು ಸಂಯುಕ್ತ ಸಂಖ್ಯೆಗಳೇ. ಮೊದಲನೆಯದಾದ 249 ಎಂಬುದು 3 ಮತ್ತು 83ರ ಗುಣಲಬ್ಧ, 311 ಅವಿಭಾಜ್ಯ, ಆಮೇಲಿನ 497, 559, 745, 807, 993, 1055, 1241 ಈ ಏಳೂ ಸಂಯುಕ್ತ, ಮುಂದಿನ ಅವಿಭಾಜ್ಯ ಸಿಗುವುದು 1303ರಲ್ಲಿ. ತಿಂಗಳುಗಟ್ಟಲೆಯ ಕೆಲಸ ಕೆಲವು ದಿನಗಳಿಗೆ ಇಳಿಯಿತು.

311ರಿಂದ ಭಾಗಿಸುವಾಗಲೂ ಹತ್ತಂಕಿಯ ಭಾಗಾಕಾರ ಮಾಡಬೇಕಾಗಿಲ್ಲ. 31 ಬೆಸ, ಒಂದು ಕಳೆದರೆ 30, ಅರ್ಧ 15. ಒಂದು ಕಳೆದರೆ 14, ಅರ್ಧ 7. ಇದೇ ಮೆಟ್ಟಿಲುಗಳನ್ನು ಕೆಳಗಿನಿಂದ ಹತ್ತಿದರಾಯಿತು. 2⁷ ಎಂದರೆ 128. ಅದರ ವರ್ಗ 16384ನ್ನು 311ರಿಂದ ಭಾಗಿಸಿದರೆ ಉಳಿಯುವುದು 212. ಇದು 2¹⁴ರ ಶೇಷ. ಇಮ್ಮಡಿಸಿ 311 ಕಳೆದರೆ 113, ಇದು 2¹⁵ರದು. 113ರ ವರ್ಗ 12769ರಲ್ಲಿ ಉಳಿಯುವುದು 18, ಇದು 2³⁰ರದು. ಅದರ ಎರಡರಷ್ಟಾದ 36 ಎಂಬುದು 2³¹ರ ಶೇಷ. ಆದ್ದರಿಂದ 2147483647ನ್ನು 311ರಿಂದ ಭಾಗಿಸಿದರೆ 35 ಉಳಿಯುತ್ತದೆ, 311 ಅಪವರ್ತನವಲ್ಲ. ಬೆಸವಾದರೆ ಒಂದು ಕಳೆ, ಸಮವಾದರೆ ಅರ್ಧ ಮಾಡು, ಹಿಂದಿರುಗುವಾಗ ಇಮ್ಮಡಿಸು ಇಲ್ಲವೇ ವರ್ಗ ಮಾಡು ಎಂಬ ಈ ಕ್ರಮ ಪಿಂಗಳನ ಛಂದಃಶಾಸ್ತ್ರದಲ್ಲೇ ಸೂತ್ರರೂಪದಲ್ಲಿದೆ ಎಂಬುದನ್ನು ಇಲ್ಲಿ ನೆನೆಯಲೇಬೇಕು. ಇಷ್ಟು ಅಕ್ಷರಗಳ ಪಾದದಲ್ಲಿ ಲಘು ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಎಣಿಸಲು ಪಿಂಗಳನಿಗೆ 2ರ ಘಾತಗಳು ಬೇಕಾಗಿದ್ದವು. ಛಂದಸ್ಸಿನ ಪ್ರಸ್ತಾರ ಕಲಿತವರಿಗೆ ದ್ವಿಮಾನ ಪದ್ಧತಿ ಹೊಸದೇನೂ ಅಲ್ಲ.

1772ರಲ್ಲಿ ಆಯ್ಲರ್ ಗಣಿತಜ್ಞ ಬರ್ನೂಲಿಗೆ ಬರೆದ ಪತ್ರವೊಂದರಲ್ಲಿ, 248ರ ಈ ಎರಡು ಬಗೆಯ ಅವಿಭಾಜ್ಯಗಳನ್ನು 46339ರವರೆಗೆ ಪರೀಕ್ಷಿಸಿದ್ದಾಗಿಯೂ ಯಾವುದೂ ಭಾಗಿಸಲಿಲ್ಲವೆಂದೂ ತಿಳಿಸಿದ. ಆ ಹೊತ್ತಿಗೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಆತನಿಗೆ ಕಣ್ಣು ಬಹುಮಟ್ಟಿಗೆ ಕಾಣದಾಗಿತ್ತು ಎಂಬುದನ್ನು ಓದುವಾಗ ನನಗೆ ಪ್ರತಿ ಸಲವೂ ಗೌರವ ಉಕ್ಕುತ್ತದೆ. ಅಲ್ಲಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಮನುಷ್ಯರಿಗೆ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ ಆಗಿತ್ತು.

ಗ್ರೀಕರ ಕಾಲದಿಂದ ಬಂದ ಇನ್ನೊಂದು ಪ್ರಶ್ನೆಗೂ ಈ ಪುರಾವೆಯಿಂದ ಉತ್ತರ ಸಿಕ್ಕಿತು. 6ನ್ನೇ ಬಿಟ್ಟು ಅದರ ಉಳಿದ ಭಾಜಕಗಳಾದ 1, 2, 3ನ್ನು ಕೂಡಿದರೆ ಮತ್ತೆ 6 ಬರುತ್ತದೆ. 28 ಕೂಡ ಹಾಗೆಯೇ. ಇವು ಪರಿಪೂರ್ಣ ಸಂಖ್ಯೆಗಳು. 2³¹ − 1 ಅವಿಭಾಜ್ಯವಾದರೆ ಅದನ್ನು 2³⁰ರಿಂದ ಗುಣಿಸಿದಾಗ ಬರುವುದು ಪರಿಪೂರ್ಣ ಸಂಖ್ಯೆ ಎಂದು ಯೂಕ್ಲಿಡ್ಡನ ನಿಯಮ ಹೇಳುತ್ತದೆ. ಹಾಗೆ ಬರುವ 2305843008139952128 ಎಂಬುದು ಎಂಟನೆಯ ಪರಿಪೂರ್ಣ ಸಂಖ್ಯೆ. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೊ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಎಂದೂ ಸಿಗಲಾರದು, ಇವು ಕುತೂಹಲದ ವಸ್ತುಗಳೇ ಹೊರತು ಉಪಯೋಗಕ್ಕೆ ಬರುವಂಥವಲ್ಲವಾದ್ದರಿಂದ ಮುಂದಿನದನ್ನು ಹುಡುಕುವ ಶ್ರಮವನ್ನು ಯಾರೂ ವಹಿಸಲಾರರು ಎಂಬ ಅರ್ಥದಲ್ಲಿ ಬರೆದ. 1876ರಲ್ಲಿ ಎದುವಾರ್ ಲ್ಯೂಕಾ 2¹²⁷ − 1 ಅವಿಭಾಜ್ಯವೆಂದು ತೋರಿಸಿದಾಗ ಆ ಮಾತು ಸುಳ್ಳಾಯಿತು.

ಲ್ಯೂಕಾನ ದಾರಿ ಆಯ್ಲರನದಕ್ಕಿಂತಲೂ ಭಿನ್ನ. ಅದರಲ್ಲಿ ಅಪವರ್ತನಗಳನ್ನು ಹುಡುಕುವುದೇ ಇಲ್ಲ. ಮುಂದೆ ಅಮೆರಿಕದ ಡೆರಿಕ್ ಹೆನ್ರಿ ಲೇಮರ್ ಸರಳಗೊಳಿಸಿದ ರೂಪದಲ್ಲಿ ಆ ಪರೀಕ್ಷೆ ಹೀಗಿದೆ: 4ರಿಂದ ತೊಡಗಿ, ಪ್ರತಿ ಸಲ ವರ್ಗ ಮಾಡಿ 2 ಕಳೆಯಬೇಕು, ಉತ್ತರ ದೊಡ್ಡದಾದರೆ ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. 2⁵ − 1 = 31ರ ಮೇಲೆ ಪ್ರಯೋಗಿಸಿದರೆ 4, 14, ಆಮೇಲೆ 194ರ ಶೇಷವಾದ 8, ಕೊನೆಗೆ 62ರ ಶೇಷವಾದ 0. ಮೂರೇ ಹೆಜ್ಜೆ. ನಮ್ಮ ಸಂಖ್ಯೆಗೆ ಇಪ್ಪತ್ತೊಂಬತ್ತು ಹೆಜ್ಜೆಗಳು ಬೇಕು. 4, 14, 194, 37634, 1416317954 ಎಂದು ಸಾಗಿ, ಅಲ್ಲಿಂದ ಮುಂದೆ ಶೇಷಗಳ ಲೆಕ್ಕ ತೊಡಗುತ್ತದೆ. ಈ ಶೇಷಗಳನ್ನು ಪಡೆಯುವುದೂ ಸುಲಭ. 9ರಿಂದ ಭಾಗಿಸಿದ ಶೇಷ ತಿಳಿಯಲು ಶಾಲೆಯಲ್ಲಿ ಅಂಕಿಗಳನ್ನು ಕೂಡುತ್ತಿದ್ದೆವಲ್ಲ, 10ಕ್ಕೆ 9 ಒಂದು ಕಡಿಮೆಯಾದ್ದರಿಂದ ಅದು ಸಾಧ್ಯವಾಗುತ್ತಿತ್ತು. ಹಾಗೆಯೇ 2³¹ಕ್ಕೆ ನಮ್ಮ ಸಂಖ್ಯೆ ಒಂದು ಕಡಿಮೆಯಾದ್ದರಿಂದ, ಯಾವುದೇ ದ್ವಿಮಾನ ಸಂಖ್ಯೆಯನ್ನು ಬಲದಿಂದ ಮೂವತ್ತೊಂದು ಅಂಕಿಗಳ ತುಂಡುಗಳಾಗಿ ಕತ್ತರಿಸಿ ಕೂಡಿದರೆ ಶೇಷ ಸಿಗುತ್ತದೆ. ಭಾಗಾಕಾರದ ಗೊಡವೆಯೇ ಇಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಸಂಖ್ಯೆ ಕಂಪ್ಯೂಟರಿನೊಳಗೆ ಬೇರೊಂದು ಕಾರಣಕ್ಕಾಗಿ ನೆಲೆಸಿತು. ಪೂರ್ಣಾಂಕವೊಂದನ್ನು ಇಡಲು, ಒಂದೊಂದರಲ್ಲೂ 0 ಅಥವಾ 1 ಹಿಡಿಸುವ 32 ಬಿಟ್‌ಗಳ ಜಾಗ ಕೊಟ್ಟು ಅದರಲ್ಲಿ ಒಂದನ್ನು ಧನ ಋಣ ಚಿಹ್ನೆಗೆ ಮೀಸಲಿಟ್ಟರೆ ಉಳಿಯುವುದು 31 ಬಿಟ್. ಅಷ್ಟರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಮೂವತ್ತೊಂದು 1ಗಳ ಸಾಲು, ಎಂದರೆ 2147483647. ಇದಕ್ಕೆ ಇನ್ನೊಂದನ್ನು ಕೂಡಿದರೆ ಎಲ್ಲ 1ಗಳೂ ಸೊನ್ನೆಯಾಗಿ, ಕೈಯಲ್ಲಿ ಉಳಿದ 1 ಚಿಹ್ನೆಯ ಮನೆಗೆ ಹೋಗಿ ಬೀಳುತ್ತದೆ. ಸಾಮಾನ್ಯವಾಗಿ ಯಂತ್ರ ಆಗ ತೋರಿಸುವುದು −2147483648 ಎಂಬ ಋಣ ಸಂಖ್ಯೆಯನ್ನು. ಹಣದ ಲೆಕ್ಕವನ್ನು ಪೈಸೆಗಳಲ್ಲಿ ಇಂಥ ಜಾಗದಲ್ಲಿ ಇಟ್ಟರೆ 2 ಕೋಟಿ 14 ಲಕ್ಷ 74 ಸಾವಿರದ 836 ರೂಪಾಯಿ 47 ಪೈಸೆಯ ಆಚೆಗೆ ಅದು ಹೋಗಲಾರದು. ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಪರಂಪರೆಯ ಯಂತ್ರಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಆ ಎಣಿಕೆಯನ್ನು 32 ಬಿಟ್‌ಗಳಲ್ಲಿ ಇಡುವ ಹಳೆಯ ವ್ಯವಸ್ಥೆಗಳಲ್ಲಿ 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಈ ಮಿತಿ ಮುಟ್ಟುತ್ತದೆ. ಇದಕ್ಕಾಗಿ ವ್ಯವಸ್ಥೆಗಳನ್ನು 64 ಬಿಟ್‌ಗಳಿಗೆ ಬದಲಿಸುವ ಕೆಲಸ ನಡೆದುಬಂದಿದೆ. ಮಿತಿಯಾಗಿ ಬಂದ ಸಂಖ್ಯೆ ಅವಿಭಾಜ್ಯವೂ ಆಗಿರುವುದು ಮಾತ್ರ ಕಾಕತಾಳೀಯ. 16 ಬಿಟ್‌ಗಳ ಮಿತಿಯಾದ 32767 ಎಂಬುದು 7, 31 ಮತ್ತು 151ರ ಗುಣಲಬ್ಧ. 64 ಬಿಟ್‌ಗಳ ಮಿತಿಯಾದ 2⁶³ − 1 ಕೂಡ 7ರಿಂದ ಭಾಗವಾಗುತ್ತದೆ, ಏಕೆಂದರೆ 63ರ ಸಾಲನ್ನು ಮೂರು ಮೂರಾಗಿ ಕತ್ತರಿಸಬಹುದು.

ಆ ಕಾಕತಾಳೀಯವನ್ನು ಸೊಗಸಾಗಿ ಬಳಸಿಕೊಂಡ ಕ್ಷೇತ್ರ ಒಂದಿದೆ. ಯಾದೃಚ್ಛಿಕವಾಗಿ ತೋರುವ ಸಂಖ್ಯೆಗಳನ್ನು ಯಂತ್ರದಿಂದ ಹುಟ್ಟಿಸಲು ಅದೇ ಲೇಮರ್ ಸೂಚಿಸಿದ ವಿಧಾನದಲ್ಲಿ, ಕೈಯಲ್ಲಿರುವ ಸಂಖ್ಯೆಯನ್ನು ಒಂದು ನಿಶ್ಚಿತ ಗುಣಕದಿಂದ ಗುಣಿಸಿ, ಅವಿಭಾಜ್ಯವೊಂದರಿಂದ ಭಾಗಿಸಿ, ಶೇಷವನ್ನು ಮುಂದಿನ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತಾರೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಕನಿಷ್ಠ ಮಾನದಂಡವೆಂದು ಶಿಫಾರಸು ಮಾಡಿದ ಆವೃತ್ತಿಯಲ್ಲಿ ಭಾಜಕ 2147483647, ಗುಣಕ 16807. ಈ ಗುಣಕ 7ರ ಐದನೆಯ ಘಾತ. 2147483647ರಿಂದ ಭಾಗಿಸುವಾಗ 7ರ ಘಾತಗಳು 1ರಿಂದ 2147483646ರವರೆಗಿನ ಒಂದು ಶೇಷವನ್ನೂ ಬಿಡದೆ ಸುತ್ತಿ ಬರುತ್ತವೆ. ಆ ಸುತ್ತಿನ ಉದ್ದವಾದ 2147483646ನ್ನು ಒಡೆದರೆ 2, 3, 3, 7, 11, 31, 151, 331 ಸಿಗುತ್ತವೆ. ಅವುಗಳಲ್ಲಿ 5 ಇಲ್ಲದಿರುವುದರಿಂದ ಐದೈದು ಹೆಜ್ಜೆ ಹಾರುತ್ತ ಹೋದರೂ ಸುತ್ತು ಪೂರ್ತಿಯಾಗುತ್ತದೆ. 1ರಿಂದ ತೊಡಗಿದರೆ 16807, 282475249, 1622650073, 984943658 ಎಂದು ಅಂದಾಜಿಗೆ ಸಿಗದಂತೆ ಸಾಗುವ ಈ ಸರಣಿ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯೊಂದಿಗೆ ಬರುವ ಪ್ರಮಾಣಿತ ಸಲಕರಣೆಗಳಲ್ಲಿ ಇಂದಿಗೂ ಇದೆ. ಗುಟ್ಟು ಕಾಪಾಡುವ ಕೆಲಸಗಳಿಗೆ ಇದು ತಕ್ಕದ್ದಲ್ಲ. ಒಂದು ಸಂಖ್ಯೆ ಗೊತ್ತಾದರೆ ಮುಂದಿನದೆಲ್ಲ ಗೊತ್ತಾದಂತೆಯೇ.

ಕೊನೆಯದಾಗಿ, ಈ ಸಂಖ್ಯೆಯ ಘಾತಾಂಕವಾದ 31 ಕೂಡ 2⁵ − 1 ಎಂಬ ಅದೇ ರೂಪದ್ದು. 3, 7, 31, 127 ಎಂಬ ಮೆರ್ಸೆನ್ ಅವಿಭಾಜ್ಯಗಳನ್ನು ಮತ್ತೆ ಘಾತಾಂಕವಾಗಿಟ್ಟರೆ ನಾಲ್ಕು ಸಲವೂ ಅವಿಭಾಜ್ಯವೇ ಬರುತ್ತದೆ: 7, 127, 2147483647 ಮತ್ತು ಲ್ಯೂಕಾನ 2¹²⁷ − 1. ಹಾಗಾದರೆ 2147483647ನ್ನೇ ಘಾತಾಂಕವಾಗಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆ ಸಂಖ್ಯೆಯನ್ನು ಬರೆಯಲು 64 ಕೋಟಿ 64 ಲಕ್ಷಕ್ಕೂ ಹೆಚ್ಚು ಅಂಕಿಗಳು ಬೇಕು. ಇಷ್ಟಾದರೂ ಅದು ಸಂಯುಕ್ತ ಎಂದು ತಿಳಿದಿದೆ, ಏಕೆಂದರೆ ಅದರ ಒಂದು ಅಪವರ್ತನ ಸಿಕ್ಕಿದೆ: 295257526626031. ಇದರಿಂದ ಒಂದನ್ನು ಕಳೆದು 2147483647ರ ಎರಡರಷ್ಟರಿಂದ ಭಾಗಿಸಿ ನೋಡಿ, ಸರಿಯಾಗಿ 68745 ಬರುತ್ತದೆ. 311ನ್ನು ಆರಿಸಿಕೊಟ್ಟ ಆಯ್ಲರನ ಮೊದಲ ಜರಡಿಯೇ ಇಲ್ಲಿಯೂ ಹುಡುಕಾಟವನ್ನು ಕಿರಿದುಗೊಳಿಸುತ್ತದೆ. ತಾಳೆ ನೋಡುವುದಕ್ಕೆ ಆ ಅರವತ್ತನಾಲ್ಕು ಕೋಟಿ ಅಂಕಿಗಳನ್ನು ಬರೆಯಬೇಕಾಗಿಲ್ಲ. ಘಾತಾಂಕ ಮೂವತ್ತೊಂದು 1ಗಳ ಸಾಲಾದ್ದರಿಂದ, 2ರಿಂದ ತೊಡಗಿ ವರ್ಗ ಮಾಡಿ ಇಮ್ಮಡಿಸುವ ಕೆಲಸವನ್ನು ಮೂವತ್ತು ಸಲ ಮಾಡಿ, ಪ್ರತಿ ಸಲವೂ 295257526626031ರಿಂದ ಭಾಗಿಸಿ ಶೇಷವನ್ನು ಇಟ್ಟುಕೊಂಡರೆ ಸಾಕು. ಮೂವತ್ತನೆಯ ಸಲ ಉಳಿಯುವುದು 1.